ಉಪ್ಪುನೀರಿನ ಟ್ಯಾಂಕ್: ಮಾರುವವರು ಹೇಳದೆ ಬಿಡುವ ಮಾತು

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಹೊಸದಾಗಿ ಮನೆ ಕಟ್ಟಿಸುವ ಕೆಲವರು ಈಗ ಹಾಲ್‌ನ ಗೋಡೆಯಲ್ಲಿ ಸಮುದ್ರದ ಮೀನಿನ ಟ್ಯಾಂಕಿಗೂ ಜಾಗ ಬಿಡಿಸುತ್ತಿದ್ದಾರೆ. ನೀಲಿ ಲೈಟು, ಕಿತ್ತಳೆ ಬಣ್ಣದ ಕ್ಲೌನ್ ಮೀನು, ಅಲೆಯಲ್ಲಿ ತೂಗಾಡುವ ಹವಳ, ಗೃಹಪ್ರವೇಶಕ್ಕೆ ಬಂದವರೆಲ್ಲ ಅದರ ಮುಂದೆಯೇ ನಿಂತುಬಿಡುತ್ತಾರೆ. ಒಂದೆರಡು ತಿಂಗಳು ಕಳೆದು ಹೋದರೆ ಅದೇ ಟ್ಯಾಂಕಿನಲ್ಲಿ ಕಂದು ಪಾಚಿ ಹಿಡಿದ ಕಲ್ಲು, ಮೀನಿಲ್ಲದ ನೀರು. ಇಲ್ಲವೇ ಉಪ್ಪು ತೊಳೆದು ಬಿಟ್ಟ ಗೋಲ್ಡ್ ಫಿಶ್. ‘ನಮ್ಮೂರಿನ ಬಿಸಿಲಿಗೆ ಸಮುದ್ರದ ಮೀನು ಆಗಿಬರೋದಿಲ್ಲ ಬಿಡ್ರಿ’ ಎಂಬ ತೀರ್ಮಾನವೂ ಜೊತೆಗೆ. ಬಿಸಿಲಿನ ಕಾಟ ಇರುವುದು ನಿಜ, ಅದಕ್ಕೆ ದಾರಿಯೂ ಇದೆ. ಆದರೆ ಹೆಚ್ಚಿನ ಮೀನುಗಳು ಸಾಯುವುದು ಬೇಸಿಗೆ ಬರುವುದಕ್ಕೆ ಮೊದಲೇ. ಗಾಜಿನ ಪೆಟ್ಟಿಗೆ, ಉಪ್ಪು, ಮೀನು ಮೂರನ್ನೂ ಒಂದೇ ದಿನ ಗಾಡಿಗೆ ಹಾಕಿ ಕಳಿಸುವ ವ್ಯಾಪಾರ ಅದಕ್ಕೆ ಕಾರಣ. ಆ ಮೀನುಗಳ ಜೊತೆ ‘ಒಂದು ಪೀಸ್ ಕೋರಲ್’ ಅಂತ ಕೊಡುತ್ತಾರಲ್ಲ, ಅದು ಮನೆಯ ಯಜಮಾನನನ್ನು ಅರಣ್ಯ ಇಲಾಖೆಯ ಕೇಸಿಗೆ ಸಿಕ್ಕಿಸಬಹುದು ಎಂಬುದು ಬಹುತೇಕರಿಗೆ ಗೊತ್ತಿಲ್ಲ. ಇವೆರಡನ್ನೂ ಸ್ವಲ್ಪ ವಿವರವಾಗಿ ಬರೆಯುವುದು ಅಗತ್ಯವೆನಿಸಿತು.

ಮೀನು ಉಸಿರಾಡಿದರೂ, ಹೇತರೂ, ತಿನ್ನದೆ ಬಿಟ್ಟ ಆಹಾರ ಕೊಳೆತರೂ ನೀರಿಗೆ ಸೇರುವುದು ಅಮೋನಿಯಾ. ಕಲ್ಲಿನ ಮೇಲೆ ನೆಲೆಯೂರುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಮತ್ತೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಹೊಸ ಟ್ಯಾಂಕಿನಲ್ಲಿ ಇವೆರಡೂ ಇರುವುದಿಲ್ಲ. ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಸಿಹಿನೀರಿನ ಮೀನು ಸಾಕಿದವರು ‘ನಾವು ಅದೇ ದಿನ ಬಿಟ್ಟಿದ್ವಿ, ಏನೂ ಆಗಿಲ್ಲ’ ಅನ್ನುತ್ತಾರೆ. ಅವರ ಮಾತೂ ಸುಳ್ಳಲ್ಲ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7ರ ಸಿಹಿನೀರಿನಲ್ಲಿ ಅಮೋನಿಯಾದ ಬಹುಪಾಲು ಅಷ್ಟೇನೂ ಅಪಾಯವಿಲ್ಲದ ಅಮೋನಿಯಂ ಆಗಿರುತ್ತದೆ, ವಿಷದ ಪಾಲು ನೂರಕ್ಕೆ ಒಂದೂ ಇರುವುದಿಲ್ಲ. ಸಮುದ್ರದ ನೀರಿನ ಪಿಎಚ್ 8.2ರ ಆಸುಪಾಸು. ಅಲ್ಲಿ ಅಷ್ಟೇ ಅಮೋನಿಯಾದಲ್ಲಿ ವಿಷದ ಪಾಲು ಹತ್ತು ಪಟ್ಟಿಗೂ ಮಿಕ್ಕಿ ಏರುತ್ತದೆ. ಸಿಹಿನೀರಿನಲ್ಲಿ ದಕ್ಕಿಸಿಕೊಂಡ ತಪ್ಪು ಇಲ್ಲಿ ಮೂರನೇ ದಿನಕ್ಕೆ ಹೆಣ ತೇಲಿಸುತ್ತದೆ.

ಆ ಆರು ವಾರ ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಲೆಕ್ಕಕ್ಕೆ 190 ಲೀಟರ್. ಕಲ್ಲು, ಮರಳು ಹಾಕಿ ಮೇಲೆ ಸ್ವಲ್ಪ ಖಾಲಿ ಬಿಟ್ಟರೆ ನಿಜವಾದ ನೀರು ಸುಮಾರು 160 ಲೀಟರ್. ಉಪ್ಪುನೀರು ತುಂಬಿ, ಕಲ್ಲು ಜೋಡಿಸಿ, ಪಂಪು ಓಡುತ್ತಿರುವಾಗ 1 ಗ್ರಾಂ ಶುದ್ಧ ಅಮೋನಿಯಂ ಕ್ಲೋರೈಡ್ ಕರಗಿಸಿ ಹಾಕಿದರೆ ಅಮೋನಿಯಾ 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ, ಆಗುತ್ತದೆ. ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಸೇರಿಸಿದರೆ ಕೆಲಸ ಬೇಗ ಆಗುತ್ತದೆ. ಎರಡು ದಿನಕ್ಕೊಮ್ಮೆ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ನೋಡಿ. ಅಮೋನಿಯಾ ಇಳಿದಾಗ ಮತ್ತೆ ಅಷ್ಟೇ ಹಾಕಿ. 2 ಪಿಪಿಎಂ ಅಮೋನಿಯಾ 24 ಗಂಟೆಯಲ್ಲಿ ಪೂರ್ತಿ ಇಳಿದು, ನೈಟ್ರೈಟೂ ಸೊನ್ನೆ ತೋರಿಸಿದ ದಿನ ಟ್ಯಾಂಕ್ ತಯಾರು. ಅಲ್ಲಿಯವರೆಗೆ ಲೈಟ್ ಆರಿಸಿಯೇ ಇಡಿ, ಹಚ್ಚಿದರೆ ಪಾಚಿಗೆ ಹಬ್ಬ. ಕೊನೆಗೆ ಅರ್ಧ ನೀರು ಬದಲಿಸಿ ನೈಟ್ರೇಟ್ ಇಳಿಸಿ, ಒಂದು ಅಥವಾ ಎರಡು ಮೀನು ಮಾತ್ರ ಬಿಡಬೇಕು. ಒಂದು ಹಸಿ ಸೀಗಡಿಯನ್ನು ಕೊಳೆಸಿ ಇದೇ ಕೆಲಸ ಮಾಡುವವರಿದ್ದಾರೆ. ನಡೆಯುತ್ತದೆ, ಆದರೆ ಅಳತೆ ಸಿಗುವುದಿಲ್ಲ, ಹಾಲ್‌ನಲ್ಲಿ ಕೂರಲಿಕ್ಕೂ ಆಗುವುದಿಲ್ಲ. ಮೂರನೇ ವಾರದಿಂದ ಕಲ್ಲು, ಮರಳಿನ ಮೇಲೆ ಕಂದು ಪುಡಿ ಕೂರುತ್ತದೆ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಹೊಸ ಟ್ಯಾಂಕಿಗೆ ಸಹಜ. ಅದಕ್ಕಾಗಿ ಅಂಗಡಿಯವರು ಕೊಡುವ ಪಾಚಿನಾಶಕ ಹಾಕಿದರೆ ಬೆಳೆಸಿದ ಬ್ಯಾಕ್ಟೀರಿಯಾಕ್ಕೂ ಪೆಟ್ಟು.

ಟ್ಯಾಂಕ್ ಚಿಕ್ಕದಿದ್ದರೆ ಸುಲಭ ಎಂಬ ನಂಬಿಕೆ ತಲೆಕೆಳಗಾದದ್ದು. ನೀರು ಕಡಿಮೆಯಾದಷ್ಟೂ ಉಷ್ಣತೆ, ಉಪ್ಪು, ವಿಷ ಎಲ್ಲವೂ ಬೇಗ ಏರುಪೇರಾಗುತ್ತವೆ. 120 ಲೀಟರಿಗಿಂತ ಕಡಿಮೆಯದಕ್ಕೆ ಹೊಸಬರು ಕೈಹಾಕದಿರುವುದು ಒಳ್ಳೆಯದು. ಮೇಲೆ ಹೇಳಿದ ಮೂರು ಅಡಿಯದಕ್ಕೆ ಗಾಜು 10 ಮಿ.ಮೀ. ಇರಲಿ. ನೀರು, ಕಲ್ಲು, ಗಾಜು, ಕೆಳಗಿನ ಸಂಪ್ (ನೀರು ಸೋಸುವ ಪೆಟ್ಟಿಗೆ) ಎಲ್ಲ ಸೇರಿ 300 ಕಿಲೋ ಸಮೀಪಿಸುತ್ತದೆ. ಗೋಡೆಗೆ ಹೊಡೆದ ಶೆಲ್ಫ್ ಅದನ್ನು ಹೊರುವುದಿಲ್ಲ, ಬಣ್ಣ ಹೊಡೆಯದ ಕಬ್ಬಿಣದ ಸ್ಟ್ಯಾಂಡ್ ಉಪ್ಪಿಗೆ ತುಕ್ಕು ಹಿಡಿಯುತ್ತದೆ. ಇಲ್ಲಿ ಟ್ಯಾಂಕ್ ಅಂಟಿಸುವವರಿಗೆ ಒಂದು ಮಾತು ಹೇಳಿಬಿಡಿ: ಬಾತ್‌ರೂಮಿಗೆ ಬಳಸುವ ಸಿಲಿಕೋನ್ ಬೇಡ. ಅದರಲ್ಲಿ ಬೂಷ್ಟು ತಡೆಯುವ ಔಷಧ ಇರುತ್ತದೆ, ಅದು ನೀರಿಗೆ ಇಳಿಯುತ್ತದೆ.

ಕಲ್ಲಿನ ವಿಷಯದಲ್ಲಿ ಚಿತ್ರದುರ್ಗದವರು ವಿಶೇಷ ಎಚ್ಚರ ವಹಿಸಬೇಕು. ಬೆಟ್ಟದಿಂದ ಚೆಂದದ ಕಲ್ಲು ತಂದು ತೊಳೆದು ಇಡುವ ರೂಢಿ ಸಿಹಿನೀರಿನ ಟ್ಯಾಂಕಿಗೆ ಹೇಗೋ ನಡೆಯುತ್ತದೆ. ಆದರೆ ಇಂಗಳದಾಳಿನ ತಾಮ್ರದ ಗಣಿ ಇರುವುದು ಇದೇ ಬೆಟ್ಟಸಾಲಿನಲ್ಲಿ. ಸೀಗಡಿ, ಶಂಖದ ಹುಳು, ಹವಳ ಇವಕ್ಕೆಲ್ಲ ತಾಮ್ರ ಅತ್ಯಲ್ಪ ಪ್ರಮಾಣದಲ್ಲೂ ವಿಷ. ಗ್ರಾನೈಟ್ ಕಲ್ಲಿನಲ್ಲಿ ತಾಮ್ರ ಇಲ್ಲದಿದ್ದರೂ ರಂಧ್ರಗಳಿಲ್ಲ, ಬ್ಯಾಕ್ಟೀರಿಯಾಕ್ಕೆ ಜಾಗವಿಲ್ಲ, ಬರೀ ಭಾರ. ಸಮುದ್ರದಿಂದ ಎತ್ತಿದ ‘ಲೈವ್ ರಾಕ್’ ಕೊಳ್ಳುವ ಹಾಗಿಲ್ಲ, ಅದರ ಕಾರಣ ಮುಂದೆ ಬರುತ್ತದೆ. ಸುಟ್ಟು ತಯಾರಿಸಿದ ರಂಧ್ರವುಳ್ಳ ಸೆರಾಮಿಕ್ ಕಲ್ಲು 12ರಿಂದ 15 ಕಿಲೋ ಸಾಕು. ಹೊಳೆ ಮರಳಿನ ಬದಲು ಅರಗೊನೈಟ್ ಎಂಬ ಸುಣ್ಣದ ಮರಳು ಒಂದಿಂಚು ಹರಡಿದರೆ ಪಿಎಚ್ ಕುಸಿಯದಂತೆ ಅಷ್ಟಿಷ್ಟು ಆಸರೆಯಾಗುತ್ತದೆ.

ಇನ್ನು ನೀರು. ದಾವಣಗೆರೆಯ ನಲ್ಲಿಗೆ ಬರುವುದು ತುಂಗಭದ್ರೆಯ ಮತ್ತು ಭದ್ರಾ ನಾಲೆಯ ನೀರು, ಕ್ಲೋರಿನ್ ಹಾಕಿದ್ದು. ಚಿತ್ರದುರ್ಗ ಜಿಲ್ಲೆಯ ಬೋರ್‌ವೆಲ್ ನೀರು ಗಡಸು, ಎಷ್ಟೋ ಕಡೆ ಫ್ಲೋರೈಡ್ ಬೇರೆ. ಎರಡನ್ನೂ ನೇರವಾಗಿ ಬಳಸುವಂತಿಲ್ಲ. ‘ಮನೇಲಿ ಆರ್‌ಒ ಇದೆಯಲ್ಲ’ ಎಂದು ನೆಮ್ಮದಿಯಿಂದ ಇರುವವರು ಕರಗಿದ ಲವಣ ಅಳೆಯುವ ಒಂದು ಟಿಡಿಎಸ್ ಮೀಟರ್ ಅದ್ದಿ ನೋಡಲಿ. ಕುಡಿಯುವ ನೀರಿನ ಯಂತ್ರದಲ್ಲಿ ರುಚಿಗೆಂದು ಶುದ್ಧ ನೀರಿಗೆ ಸ್ವಲ್ಪ ಹಸಿ ನೀರನ್ನೇ ಮತ್ತೆ ಬೆರೆಸುವ ವಾಲ್ವ್ ಇರುತ್ತದೆ, ಮಿನರಲ್ ಕಾರ್ಟ್ರಿಡ್ಜ್ ಕೂಡ. ಹಾಗಾಗಿ ಮೀಟರ್ 50, 80 ಅಂತ ತೋರಿಸುತ್ತದೆ. ಆ ವಾಲ್ವ್ ಪೂರ್ತಿ ಮುಚ್ಚಿ, ಮಿನರಲ್ ಕಾರ್ಟ್ರಿಡ್ಜ್ ತಪ್ಪಿಸಿ, ಕೊನೆಯಲ್ಲಿ ಅಳಿದುಳಿದ ಲವಣ ಹೀರುವ ಒಂದು ಡಿಐ ರೆಸಿನ್ ಕೊಳವೆ ಜೋಡಿಸಿದರೆ ಸೊನ್ನೆಗೆ ಬರುತ್ತದೆ. ರೆಸಿನ್ ಖರ್ಚಾದ ದಿನ ಮೀಟರ್ ಮತ್ತೆ ಏರುತ್ತದೆ. ವಾರಕ್ಕೊಮ್ಮೆ ಅದ್ದಿ ನೋಡಲು ಅರ್ಧ ನಿಮಿಷ. ಮಂಗಳೂರಿಗೆ ಹೋದಾಗ ಕ್ಯಾನಿನಲ್ಲಿ ಕಡಲ ನೀರು ತುಂಬಿಸಿಕೊಂಡು ಬರುವ ಐಡಿಯಾ ಬೇಡ. ದಡದ ನೀರಿಗೆ ನದಿ, ಬಂದರು, ಚರಂಡಿ ಎಲ್ಲ ಸೇರಿರುತ್ತವೆ. ಮಳೆಗಾಲದಲ್ಲಿ ಉಪ್ಪಿನಂಶವೂ ಇಳಿದಿರುತ್ತದೆ.

ಅಡುಗೆ ಉಪ್ಪು, ಕಲ್ಲುಪ್ಪು ಎರಡೂ ಕೆಲಸಕ್ಕೆ ಬಾರವು. ಸಮುದ್ರದ ನೀರಿನಲ್ಲಿ ಸೋಡಿಯಂ, ಕ್ಲೋರೈಡ್ ಅಲ್ಲದೆ ಲೀಟರಿಗೆ 1300 ಮಿಲಿಗ್ರಾಂನಷ್ಟು ಮೆಗ್ನೀಷಿಯಂ, 400ಕ್ಕೂ ಹೆಚ್ಚು ಮಿಲಿಗ್ರಾಂ ಕ್ಯಾಲ್ಸಿಯಂ, ಅಷ್ಟೇ ಪೊಟ್ಯಾಸಿಯಂ ಇವೆ. ರೀಫ್ ಸಾಲ್ಟ್ ಎಂದು ಮಾರುವ ಮಿಶ್ರಣ ಲೀಟರಿಗೆ 36ರಿಂದ 38 ಗ್ರಾಂ, ಅಂದರೆ 160 ಲೀಟರಿಗೆ ಸುಮಾರು 6 ಕಿಲೋ ಬೇಕು. ಬೇರೆ ಡ್ರಮ್ಮಿನಲ್ಲಿ ನೀರಿಗೆ ಉಪ್ಪು ಸುರಿದು ಪಂಪು ಹಾಕಿ ಒಂದು ದಿನ ತಿರುಗಿಸಿ. ಮೀನಿರುವ ಟ್ಯಾಂಕಿಗೇ ಉಪ್ಪು ಸುರಿದರೆ ಕರಗದ ಹರಳು ತಾಗಿದ ಕಡೆ ಹವಳ ಸುಡುತ್ತದೆ. ಗುರಿ 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು), ಸಾಂದ್ರತೆಯ ಲೆಕ್ಕದಲ್ಲಿ 1.025ರಿಂದ 1.026. ಅಗ್ಗದ ಪ್ಲಾಸ್ಟಿಕ್ ಹೈಡ್ರೋಮೀಟರಿನ ಮುಳ್ಳಿಗೆ ಒಂದು ಗುಳ್ಳೆ ಅಂಟಿದರೂ ಅದು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಒಂದು ಹನಿಯಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ಕೊಂಡು, ಬರೀ ನೀರಿನಲ್ಲಿ ಸೊನ್ನೆ ಮಾಡುವ ಬದಲು 35 ಪಿಪಿಟಿ ದ್ರಾವಣದಲ್ಲೇ ಸರಿಹೊಂದಿಸಿ.

ಈಗ ಬಿಸಿಲಿಗೆ ಬರೋಣ. ಏಪ್ರಿಲ್‌ನಲ್ಲಿ ಹೊರಗೆ 38, 39 ಡಿಗ್ರಿ ಇರುವಾಗ ಮುಚ್ಚಿದ ಹಾಲ್‌ನಲ್ಲಿ ಪಂಪು, ಲೈಟಿನ ಶಾಖವೂ ಸೇರಿ ಟ್ಯಾಂಕಿನ ನೀರು 31, 32ಕ್ಕೆ ಸುಲಭವಾಗಿ ಹೋಗುತ್ತದೆ. ಬೇಕಾದದ್ದು 25ರಿಂದ 27. ಹವಳದ ಮೈಯೊಳಗೆ ಇರುವ ಸೂಕ್ಷ್ಮ ಪಾಚಿಯೇ ಅದಕ್ಕೆ ಬಣ್ಣ, ಅದೇ ಅದರ ಅನ್ನ. ನೀರು 30 ದಾಟಿ ಹಲವು ದಿನ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಲಕ್ಷದ್ವೀಪ, ಮನ್ನಾರ್ ಕೊಲ್ಲಿಯಲ್ಲಿ 1998, 2010 ಮತ್ತು 2016ರಲ್ಲಿ ಆದದ್ದೂ ಇದೇ, ದೊಡ್ಡ ಪ್ರಮಾಣದಲ್ಲಿ. ನಮ್ಮ ಬಯಲುಸೀಮೆಗೆ ಒಂದು ಅನುಕೂಲವಿದೆ: ಮಾರ್ಚಿನಿಂದ ಮೇವರೆಗೆ ಇಲ್ಲಿನ ಗಾಳಿ ಒಣಗಾಳಿ. ನೀರಿನ ಮೇಲ್ಮೈಗೆ ಬೀಸುವ ಎರಡು ಚಿಕ್ಕ ಫ್ಯಾನುಗಳೇ 2ರಿಂದ 3 ಡಿಗ್ರಿ ಇಳಿಸುತ್ತವೆ. ಕರಾವಳಿಯ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟು ನಡೆಯುವುದಿಲ್ಲ. ಆದರೆ ಫ್ಯಾನ್ ಹಾಕಿದರೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಆವಿಯಾಗುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ತುಂಬಬೇಕಾದ್ದು ಸಾದಾ ಆರ್‌ಒ ನೀರು. ಇಲ್ಲಿ ಉಪ್ಪುನೀರನ್ನೇ ತುಂಬುತ್ತಾ ಹೋಗಿ ತಿಂಗಳೊಳಗೆ 40 ಪಿಪಿಟಿ ದಾಟಿಸಿಬಿಡುವವರು ಬಹಳ. ತಾನಾಗಿ ನೀರು ತುಂಬುವ ಫ್ಲೋಟ್ ವಾಲ್ವ್ ಹಾಕುವುದಾದರೆ ಅದಕ್ಕೆ ಓವರ್‌ಹೆಡ್ ಟ್ಯಾಂಕಿನ ಪೈಪು ಕೊಡಬೇಡಿ, 10 ಲೀಟರಿನ ಕ್ಯಾನ್ ಕೊಡಿ. ವಾಲ್ವ್ ಸಿಕ್ಕಿಕೊಂಡರೂ 160 ಲೀಟರಿಗೆ 10 ಸೇರಿ ಉಪ್ಪು 33ಕ್ಕೆ ಇಳಿದು ನಿಲ್ಲುತ್ತದೆ, ಮೀನು ಉಳಿಯುತ್ತದೆ.

ಹವಳ ಇಡುವವರಿಗೆ ಬರೀ ಫ್ಯಾನ್ ಸಾಲದು, ನೀರು ತಣಿಸುವ ಯಂತ್ರವಾದ ಚಿಲ್ಲರ್ ಬೇಕೇಬೇಕು. ಅದರ ಬೆಲೆ ಟ್ಯಾಂಕಿನ ಗಾಜಿಗಿಂತ ಜಾಸ್ತಿ ಎಂಬುದನ್ನು ಮೊದಲೇ ತಿಳಿದಿರಬೇಕು. ನಮ್ಮಲ್ಲಿ ಇಂಟೀರಿಯರ್ ಬಡಗಿಗಳು ಚೆಂದ ಕಾಣಲಿ ಅಂತ ಚಿಲ್ಲರ್ ಅನ್ನು ಬಾಗಿಲಿರುವ ಕಪಾಟಿನೊಳಗೆ ಮುಚ್ಚುತ್ತಾರೆ. ನೀರಿನಿಂದ ತೆಗೆದ ಶಾಖವನ್ನು ಅದು ಎಲ್ಲಿ ಬಿಡಬೇಕು? ಕಪಾಟು ಕಾಯುತ್ತದೆ, ಚಿಲ್ಲರ್ ನಿಲ್ಲದೆ ಓಡುತ್ತದೆ, ನೀರು ತಣ್ಣಗಾಗುವುದೇ ಇಲ್ಲ. ಹಿಂದೆ ಮುಂದೆ ಗಾಳಿಯಾಡಲು ಜಾಗ ಬಿಡಿ.

ಕರೆಂಟ್ ಲೆಕ್ಕವನ್ನೂ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. 200 ವ್ಯಾಟಿನ ಚಿಲ್ಲರ್ ಬೇಸಿಗೆಯಲ್ಲಿ 12 ಗಂಟೆ ಓಡಿದರೆ 2.4 ಯೂನಿಟ್, ಸಂಪಿನ ನೀರನ್ನು ಮೇಲಕ್ಕೆ ತಳ್ಳುವ ರಿಟರ್ನ್ ಪಂಪು, ಕೊಳೆಯನ್ನು ನೊರೆಯಾಗಿ ಎತ್ತುವ ಸ್ಕಿಮ್ಮರ್, ಅಲೆ ಎಬ್ಬಿಸುವ ವೇವ್‌ಮೇಕರ್ ಹಗಲು ರಾತ್ರಿ, ಲೈಟ್ 8 ಗಂಟೆ ಸೇರಿ ಇನ್ನೆರಡು. ತಿಂಗಳಿಗೆ 130 ಯೂನಿಟ್. ಗೃಹಜ್ಯೋತಿಯಲ್ಲಿರುವ ಮನೆ ಇದರಿಂದಾಗಿ 200 ಯೂನಿಟ್ ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಇನ್ನು ಕರೆಂಟ್ ಹೋದಾಗ. ಅದೇ ಉಷ್ಣತೆಯ ಸಿಹಿನೀರಿಗಿಂತ ಉಪ್ಪುನೀರು ಹಿಡಿದಿಡುವ ಆಮ್ಲಜನಕ ಸುಮಾರು ಐದನೇ ಒಂದು ಭಾಗ ಕಡಿಮೆ, ರಾತ್ರಿ ಹವಳವೂ ಪಾಚಿಯೂ ಅದನ್ನೇ ಉಸಿರಾಡುತ್ತವೆ. ಇಡೀ ವ್ಯವಸ್ಥೆಯನ್ನು ಇನ್ವರ್ಟರಿಗೆ ಹಾಕಬೇಕಿಲ್ಲ. 10 ವ್ಯಾಟಿನ ಒಂದು ವೇವ್‌ಮೇಕರ್ ಮೇಲ್ಮೈ ಕಲಕುತ್ತಿದ್ದರೆ ಸಾಕು, ಚಿಲ್ಲರ್ ನಿಲ್ಲಲಿ. ಪಂಪು ನಿಂತ ಕೂಡಲೇ ಮೇಲಿನ ನೀರು ಪೈಪಿನಲ್ಲಿ ಹಿಂದಕ್ಕೆ ಎಳೆದುಕೊಂಡು ಸಂಪ್ ಉಕ್ಕಿಸುತ್ತದೆ. ರಿಟರ್ನ್ ಪೈಪಿಗೆ ನೀರಿನ ಮಟ್ಟದಿಂದ ಸ್ವಲ್ಪವೇ ಕೆಳಗೆ 5 ಮಿ.ಮೀ. ತೂತು ಕೊರೆದಿದ್ದರೆ ಗಾಳಿ ನುಗ್ಗಿ ಎಳೆತ ನಿಲ್ಲುತ್ತದೆ. ಮೀನು ತರುವ ಮೊದಲು ಬೇಕೆಂದೇ ಮೇನ್ ಆಫ್ ಮಾಡಿ ನೆಲ ಒದ್ದೆಯಾಗುತ್ತದೆಯೇ ನೋಡಿ. ಪ್ಲಗ್‌ಗಳು ನೀರಿನ ಮಟ್ಟಕ್ಕಿಂತ ಮೇಲಿರಲಿ, ಅರ್ಥಿಂಗ್ ಸರಿಯಿರಲಿ, ಕರೆಂಟ್ ಸೋರಿದೊಡನೆ ತಾನೇ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇಲ್ಲದೆ ಉಪ್ಪುನೀರಿಗೆ ಕೈ ಹಾಕಬೇಡಿ.

ಈಗ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿ, ಆನೆ ಇರುವ ಪಟ್ಟಿಗೆ, 2001ರಲ್ಲಿ ಎಲ್ಲ ಗಟ್ಟಿ ಹವಳಗಳನ್ನೂ ಸೇರಿಸಲಾಗಿದೆ. ಕಪ್ಪು ಹವಳ, ಕೆಂಪು ಕೊಳವೆಯ ಆರ್ಗನ್ ಪೈಪ್ ಹವಳ, ಬೆಂಕಿ ಹವಳ, ಬೀಸಣಿಗೆಯಂಥ ಸೀ ಫ್ಯಾನ್, ಜೊತೆಗೆ ಕಡಲ್ಗುದುರೆ, ಕಡಲಸೌತೆ ಕೂಡ ರಕ್ಷಿತ ಜೀವಿಗಳು. ಶಿಕ್ಷೆ 3ರಿಂದ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25 ಸಾವಿರ ರೂಪಾಯಿ. ಜೀವಂತ ಹವಳಕ್ಕಷ್ಟೇ ಅಲ್ಲ, ಸತ್ತ ಬಿಳಿ ಅಸ್ಥಿಪಂಜರಕ್ಕೂ ಇದು ಅನ್ವಯ. ಸಮುದ್ರದಿಂದ ಎತ್ತಿದ ಲೈವ್ ರಾಕ್ ಎಂದರೆ ಬಹುಪಾಲು ಹಳೆಯ ಹವಳದ ತುಂಡೇ, ಅದಕ್ಕೇ ಅದು ಬೇಡವೆಂದದ್ದು. ವಾಸ್ತುವಿಗೆಂದು ಫ್ರೇಮು ಹಾಕಿಸಿ ಬಾಗಿಲ ಮೇಲೆ ತೂಗುಹಾಕುವ ‘ಇಂದ್ರಜಾಲ’ವೂ ಕಪ್ಪು ಹವಳ ಅಥವಾ ಸೀ ಫ್ಯಾನ್. ಟ್ಯಾಂಕೇ ಇಲ್ಲದ ಮನೆಗಳಲ್ಲೂ ಅದು ಇರುತ್ತದೆ ಎಂಬುದಕ್ಕೆ ಈ ಮಾತು.

ಗುರುತಿಸುವುದರಲ್ಲೇ ಮೋಸ ಹೋಗುತ್ತಾರೆ. ಟಾರ್ಚ್, ಹ್ಯಾಮರ್, ಫ್ರಾಗ್‌ಸ್ಪಾನ್, ಬಬಲ್, ಗೋನಿಯೋಪೋರಾ ಎಂಬ ಹೆಸರಿನವು ನೀರಿನಲ್ಲಿ ಮೆತ್ತಗೆ ತೂಗಾಡುತ್ತವೆ. ‘ಇದು ಸಾಫ್ಟ್ ಸಾರ್, ಏನೂ ತೊಂದರೆ ಇಲ್ಲ’ ಅನ್ನುತ್ತಾರೆ. ಮೇಲಿನ ಮಾಂಸದ ಕುಚ್ಚು ಮೆತ್ತಗೆ, ಬುಡದಲ್ಲಿ ಮಾತ್ರ ಕಲ್ಲಿನಂಥ ಸುಣ್ಣದ ಎಲುಬು. ಇವೆಲ್ಲ ಗಟ್ಟಿ ಹವಳಗಳೇ. ಬುಡ ಮುಟ್ಟಿ ನೋಡುವುದೊಂದೇ ಸರಳ ಪರೀಕ್ಷೆ. ‘ಇದು ಇಂಡೋನೇಷ್ಯಾದ್ದು, ನಮ್ಮ ಸಮುದ್ರದ್ದಲ್ಲ’ ಎಂಬ ಸಬೂಬೂ ಕೇಳುತ್ತೇವೆ. ಪಟ್ಟಿಯಲ್ಲಿ ಎಲ್ಲ ಗಟ್ಟಿ ಹವಳ ಎಂದಿದೆ, ದೇಶ ಬರೆದಿಲ್ಲ. ತಿಳಿಯದೆ ಕೊಂಡವರು ಅದನ್ನು ಮತ್ತೊಬ್ಬರಿಗೆ ಮಾರಲು ಹೋಗದೆ ವಲಯ ಅರಣ್ಯ ಕಚೇರಿಗೆ ತಿಳಿಸುವುದು ಲೇಸು.

ಹಾಗಾದರೆ ಬಣ್ಣಕ್ಕೆ ಏನಿದೆ? ಎಲುಬಿಲ್ಲದವು ಇವೆ: ಮಶ್ರೂಮ್, ಜೊವಾಂಥಿಡ್, ಲೆದರ್, ಜೀನಿಯಾ. ಇವಕ್ಕೂ ಆಮದಿನ ದಾಖಲೆ, ಬಿಲ್ ಕೇಳಿಯೇ ಕೊಳ್ಳಬೇಕು. ಹೊಸಬರಿಗೆ ಇವೇ ಸೂಕ್ತ. ಕಡಿಮೆ ಬೆಳಕು ಸಾಕು, ಹವಳಕ್ಕೆ ಒದಗುವ ಬೆಳಕು ಅಳೆಯುವ ಪಾರ್ ಮೀಟರಿನಲ್ಲಿ 50ರಿಂದ 100. ನೀಲಿ ಹೆಚ್ಚಿರುವ ಎಲ್‌ಇಡಿಯನ್ನು ಮೊದಲ ವಾರ ನೂರಕ್ಕೆ 30ರಲ್ಲಿ ಇಟ್ಟು ತಿಂಗಳೊಳಗೆ ಏರಿಸುತ್ತಾ ಹೋಗಿ. ಗಟ್ಟಿ ಹವಳ ಇಲ್ಲದ ಮೇಲೆ ಅಂಗಡಿಯವರು ದಾಟಿಸುವ ಕ್ಯಾಲ್ಸಿಯಂ, ಮೆಗ್ನೀಷಿಯಂ, ಟ್ರೇಸ್ ಎಲಿಮೆಂಟ್ ಬಾಟಲಿಗಳ ಸಾಲು ಬಹುತೇಕ ದಂಡ. ವಾರಕ್ಕೆ ನೂರಕ್ಕೆ ಹತ್ತರಷ್ಟು ನೀರು ಬದಲಿಸಿದರೆ ಖರ್ಚಾದದ್ದು ತುಂಬುತ್ತದೆ. ಅಲ್ಕಲಿನಿಟಿ (ಪಿಎಚ್ ಕುಸಿಯದಂತೆ ತಡೆಯುವ ನೀರಿನ ಶಕ್ತಿ) ಮಾತ್ರ ವಾರಕ್ಕೊಮ್ಮೆ ಪರೀಕ್ಷಿಸಿ, ಅದರ ಅಳತೆ 8ರಿಂದ 9 ಡಿಕೆಎಚ್ ಇರಲಿ. ಇಳಿದಿದ್ದರೆ 100 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ 1 ಡಿಕೆಎಚ್ ಏರಿಸುತ್ತದೆ. ದಿನಕ್ಕೆ ಅದಕ್ಕಿಂತ ಹೆಚ್ಚು ಬೇಡ, ಆರ್‌ಒ ನೀರಿನಲ್ಲಿ ಕರಗಿಸಿ ಹರಿವು ಜೋರಿರುವ ಕಡೆ ನಿಧಾನ ಸುರಿಯಿರಿ. ಕ್ಯಾಲ್ಸಿಯಂ ಕ್ಲೋರೈಡನ್ನೂ ಅದೇ ಹೊತ್ತಿಗೆ ಅದೇ ಜಾಗಕ್ಕೆ ಹಾಕಿದರೆ ನೀರು ಬೆಳ್ಳಗಾಗಿ ಎರಡೂ ಸುಣ್ಣವಾಗಿ ತಳ ಸೇರುತ್ತವೆ. ಸುಣ್ಣದ ತಿಳಿ ಹಾಕುವ ವಿಧಾನವೂ ಇದೆ, ಲೀಟರಿಗೆ 1.5 ಗ್ರಾಂ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಹನಿಹನಿಯಾಗಿ. ಎಲೆಗೆ ಹಚ್ಚುವ ಡಬ್ಬಿಯ ಸುಣ್ಣ ಹೆಸರಿಗೆ ಅದೇ ವಸ್ತುವಾದರೂ ಅದರಲ್ಲಿ ಇನ್ನೇನಿದೆಯೋ ಹೇಳಲಾಗದು, ಬೇಡ.

ಜೊವಾಂಥಿಡ್ ಮುಟ್ಟುವಾಗ ಕೈಗವಸು ಕಡ್ಡಾಯ. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಭಾರಿ ವಿಷವಿದೆ. ಅವು ಅಂಟಿದ ಕಲ್ಲನ್ನು ‘ಕ್ಲೀನ್ ಮಾಡೋಣ’ ಎಂದು ಕುದಿಯುವ ನೀರಿಗೆ ಹಾಕಿದರೆ ಆವಿಯಲ್ಲಿ ಬಂದ ವಿಷಕ್ಕೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾಗಬಹುದು. ಲೆದರ್ ಹವಳವೂ ನೀರಿಗೆ ರಾಸಾಯನಿಕ ಬಿಟ್ಟು ಪಕ್ಕದ ಹವಳಗಳನ್ನು ಕುಗ್ಗಿಸುತ್ತದೆ, ಅದಕ್ಕೆ ಆಕ್ಟಿವೇಟೆಡ್ ಕಾರ್ಬನ್ ಇಟ್ಟು ತಿಂಗಳಿಗೊಮ್ಮೆ ಬದಲಿಸಿ. ಜೀನಿಯಾವನ್ನು ಒಂಟಿ ಕಲ್ಲಿನ ಮೇಲೆ ಬೇರೆಯೇ ಇಡಿ, ಇಲ್ಲದಿದ್ದರೆ ವರ್ಷದೊಳಗೆ ಟ್ಯಾಂಕೆಲ್ಲ ಅದರದ್ದೇ. ನೀರು ತೀರಾ ಸ್ವಚ್ಛ ಮಾಡುವ ಹುಚ್ಚೂ ಹಾನಿಯೇ: ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಇರಲಿ. ಎರಡೂ ಸೊನ್ನೆಗೆ ಇಳಿದ ಟ್ಯಾಂಕಿನಲ್ಲಿ ಡೈನೋಫ್ಲಾಜೆಲೇಟ್ ಎಂಬ ಕಂದು ಲೋಳೆ ಎದ್ದರೆ ಬಿಡಿಸುವುದು ಬಹಳ ಕಷ್ಟ.

ಮೀನಿನಲ್ಲಿ ಕ್ಲೌನ್ ಮೀನಿಗೆ ಸರಿಸಾಟಿ ಇಲ್ಲ, ಅದರಲ್ಲೂ ಸಾಕಿ ಮರಿ ಮಾಡಿಸಿದವು. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಳಿಂಜಂ ಮತ್ತು ಮಂಡಪಂ ಕೇಂದ್ರಗಳು ಇವನ್ನು ಮರಿ ಮಾಡಿಸುವ ವಿಧಾನ ರೂಪಿಸಿವೆ, ದೇಶದ ಹ್ಯಾಚರಿ ಮರಿಗಳು ಸಿಗುತ್ತವೆ. ಎಲ್ಲ ಕ್ಲೌನ್ ಮರಿಗಳೂ ಗಂಡಾಗಿಯೇ ಬೆಳೆಯುತ್ತವೆ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಹಾಗಾಗಿ ಒಂದು ದೊಡ್ಡದು, ಒಂದು ಚಿಕ್ಕದು ತೆಗೆದುಕೊಂಡರೆ ಜಗಳ ಕಡಿಮೆ. ಸಮುದ್ರದಲ್ಲಿ ಅವು ಆಸರೆ ಪಡೆಯುವ ಅನಿಮೋನ್ ಎಂಬ ಜೀವಿ ಟ್ಯಾಂಕಿನಲ್ಲಿ ಬೇಕೇಬೇಕೆಂದಿಲ್ಲ. ಆರು ತಿಂಗಳೂ ಆಗದ ಟ್ಯಾಂಕಿನಲ್ಲಿ ಅನಿಮೋನ್ ಜಾಗ ಹುಡುಕುತ್ತಾ ಹೋಗಿ ವೇವ್‌ಮೇಕರಿಗೆ ಸಿಕ್ಕು ಚೂರಾದರೆ ಉಳಿದವೂ ಅದರ ವಿಷಕ್ಕೆ ಸಾಯುತ್ತವೆ. ಈ ಅಳತೆಯ ಟ್ಯಾಂಕಿಗೆ ಕ್ಲೌನ್ ಜೋಡಿ, ಒಂದು ಫೈರ್‌ಫಿಶ್, ಒಂದು ಗೋಬಿ, ಒಂದು ಕ್ಲೀನರ್ ಸೀಗಡಿ ಸಾಕು. ಫೈರ್‌ಫಿಶ್ ಹಾರಿ ನೆಲಕ್ಕೆ ಬೀಳುತ್ತದೆ, ಮೇಲೆ ಬಲೆ ಮುಚ್ಚಿ.

ಮಕ್ಕಳು ಕೇಳುವ ನೀಲಿ ಟ್ಯಾಂಗ್ ಒಂದಡಿ ಬೆಳೆಯುವ ಮೀನು, ಅದಕ್ಕೆ ಆರಡಿ ಟ್ಯಾಂಕ್ ಬೇಕು. ಮ್ಯಾಂಡರಿನ್ ಕಲ್ಲಿನ ಸಂದಿಯ ಸೂಕ್ಷ್ಮ ಜೀವಿಗಳನ್ನು ಮಾತ್ರ ತಿನ್ನುತ್ತದೆ, ಹೊಸ ಟ್ಯಾಂಕಿನಲ್ಲಿ ಎಲ್ಲರ ಕಣ್ಣೆದುರೇ ಉಪವಾಸ ಸಾಯುತ್ತದೆ. ಬಟರ್‌ಫ್ಲೈ ಮೀನುಗಳಲ್ಲಿ ಹಲವಕ್ಕೆ ಹವಳವೇ ಊಟ. ಅಗ್ಗಕ್ಕೆ ಸಿಗುವ ನೀಲಿ ಡ್ಯಾಮ್ಸೆಲ್ ಬದುಕುತ್ತದೆ, ಉಳಿದವರನ್ನು ಬದುಕಗೊಡುವುದಿಲ್ಲ.

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಚೀಲವನ್ನು ಬೆಳಿಗ್ಗೆ ಬಿಚ್ಚಿ ಗಂಟೆಗಟ್ಟಲೆ ಹನಿಹನಿಯಾಗಿ ಟ್ಯಾಂಕಿನ ನೀರು ಬಿಡುವವರಿದ್ದಾರೆ. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ, ಆದ್ದರಿಂದ ರಾತ್ರಿಯಿಡೀ ಕೂಡಿದ ಅಮೋನಿಯಾ ಅಲ್ಲಿ ಅಷ್ಟು ವಿಷವಲ್ಲ. ಬಿಚ್ಚಿದೊಡನೆ ಅನಿಲ ಹಾರಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಬಿಚ್ಚದೆ 20 ನಿಮಿಷ ತೇಲಿಸಿ ಉಷ್ಣತೆ ಸರಿದೂಗಿಸಿ, ಬಿಚ್ಚಿ, ಚೀಲದ ನೀರಿನ ಉಪ್ಪು ಅಳೆದು ಖಾತ್ರಿ ಮಾಡಿಕೊಂಡು, ಅಂಗಡಿಯವರನ್ನು ಕೇಳಿ ಮೊದಲೇ ಅಷ್ಟೇ ಉಪ್ಪಿಗೆ ಹೊಂದಿಸಿದ ಬೇರೆ ಚಿಕ್ಕ ಟ್ಯಾಂಕಿಗೆ ಮೀನನ್ನು ಮಾತ್ರ ದಾಟಿಸಿ. ಚೀಲದ ನೀರು ಚರಂಡಿಗೆ. ಅನೇಕ ಅಂಗಡಿಗಳು ಉಪ್ಪಿನ ಖರ್ಚು ಉಳಿಸಲು, ಪರೋಪಜೀವಿ ತಗ್ಗಿಸಲು 1.018ರಿಂದ 1.020ರಲ್ಲಿ ಮೀನು ಇಟ್ಟಿರುತ್ತವೆ. ಅಲ್ಲಿಂದ ಒಮ್ಮೆಲೇ 1.025ಕ್ಕೆ ಹಾಕಿದರೆ ಮೈಯ ನೀರು ಹೊರಗೆ ಎಳೆದುಕೊಂಡು ಎರಡು ಮೂರು ದಿನದಲ್ಲಿ ಸಾಯುತ್ತವೆ. ದಿನಕ್ಕೆ 0.002ರಂತೆ ಏರಿಸಬೇಕು.

ಆ ಚಿಕ್ಕ ಟ್ಯಾಂಕಿನಲ್ಲಿ ಒಂದು ತಿಂಗಳು ಕಾಯುವುದು ಬಿಳಿ ಚುಕ್ಕಿ ರೋಗ ತಡೆಯಲು. ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕಿ ಕಂಡರೆ ಅಲ್ಲೇ ತಾಮ್ರದ ಔಷಧ ಕೊಡಬಹುದು, ಕೀಲೇಟೆಡ್ ಬಗೆಯದಾದರೆ 2ರಿಂದ 2.5 ಪಿಪಿಎಂ, 30 ದಿನ, ದಿನವೂ ಅಳೆಯುತ್ತಾ. ಮುಖ್ಯ ಟ್ಯಾಂಕಿಗೆ ಅದನ್ನು ಹಾಕಿದರೆ ಕಲ್ಲು ತಾಮ್ರ ಹೀರಿಕೊಳ್ಳುತ್ತದೆ, ಮುಂದೆ ಆ ಟ್ಯಾಂಕಿನಲ್ಲಿ ಸೀಗಡಿ, ಹವಳ ಇಡುವುದೇ ಕಷ್ಟ. ರೋಗ ಮುಖ್ಯ ಟ್ಯಾಂಕಿಗೆ ಇಳಿದಿದ್ದರೆ ಎಲ್ಲ ಮೀನನ್ನೂ ಹೊರತೆಗೆದು ಎರಡೂವರೆ ತಿಂಗಳು ಮೀನಿಲ್ಲದೆ ಬಿಡಬೇಕು.

ಮನೆಯೊಳಗಿನ ಅಪಾಯಗಳಲ್ಲಿ ದೊಡ್ಡದು ಸೊಳ್ಳೆ ಬತ್ತಿ, ಸೊಳ್ಳೆ ದ್ರಾವಣ, ಜಿರಲೆ ಸ್ಪ್ರೇ. ಅವುಗಳಲ್ಲಿರುವ ಪೈರೆಥ್ರಾಯಿಡ್ ಎಂಬ ಕೀಟನಾಶಕ ಮನುಷ್ಯರಿಗೆ ಅಷ್ಟಾಗಿ ತಟ್ಟದಿದ್ದರೂ ಮೀನಿಗೂ ಸೀಗಡಿಗೂ ಕಡು ವಿಷ, ಸ್ಕಿಮ್ಮರ್ ಆ ಗಾಳಿಯನ್ನು ನೇರ ನೀರಿಗೆ ಎಳೆಯುತ್ತದೆ. ಬೀದಿಯಲ್ಲಿ ಫಾಗಿಂಗ್ ಗಾಡಿಯ ಸದ್ದು ಕೇಳಿದರೆ ಕಿಟಕಿ ಮುಚ್ಚಿ, ಸ್ಕಿಮ್ಮರ್ ಅರ್ಧ ಗಂಟೆ ಆರಿಸಿ. ಹಬ್ಬಕ್ಕೆ ಗೋಡೆಗೆ ಬಣ್ಣ ಬಳಿಯುವಾಗಲೂ ಹಾಗೆಯೇ. ಆಯುಧಪೂಜೆಯ ಕುಂಕುಮ ಸ್ಟ್ಯಾಂಡಿಗೆ ಹಚ್ಚಿದರೆ ಸಾಕು. ಊಟ ದಿನಕ್ಕೆ ಒಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಮಿರ್ಚಿ ಜೊತೆ ತಿನ್ನುತ್ತಾ ನಿಂತ ನೆಂಟರು ಪ್ರೀತಿಯಿಂದ ನಾಲ್ಕು ಮಂಡಕ್ಕಿ ಎಸೆಯುವುದು ದಾವಣಗೆರೆಗೇ ವಿಶೇಷವಾದ ತೊಂದರೆ; ಎಣ್ಣೆ ನೀರಿನ ಮೇಲೆ ಪದರ ಕಟ್ಟುತ್ತದೆ, ಸ್ಕಿಮ್ಮರ್ ಆ ದಿನ ನೊರೆ ಎತ್ತುವುದೇ ಇಲ್ಲ.

ವಾರಕ್ಕೆ ಹೊರಹಾಕುವ 16 ಲೀಟರಿನಲ್ಲಿ ಅರ್ಧ ಕಿಲೋಗೂ ಹೆಚ್ಚು ಉಪ್ಪಿರುತ್ತದೆ. ಅದನ್ನು ತೆಂಗಿನ ಬುಡಕ್ಕೋ ಹೂವಿನ ಕುಂಡಕ್ಕೋ ಸುರಿದರೆ ಮಣ್ಣು ಕೆಡುತ್ತದೆ, ಒಳಚರಂಡಿಗೇ ಹೋಗಲಿ. ಆರ್‌ಒ ಬಿಟ್ಟ ನೀರು ಅಂಗಳ ತೊಳೆಯಲು ಆಗುತ್ತದೆ.

ಮಾರಾಟಗಾರರಲ್ಲಿ ನಮ್ಮ ಬೇಡಿಕೆ ಹೆಚ್ಚೇನಿಲ್ಲ. ಟ್ಯಾಂಕ್ ಮಾರಿದ ದಿನವೇ ಮೀನು ಮಾರಬೇಡಿ. ಅಮೋನಿಯಾ, ನೈಟ್ರೈಟ್ ಟೆಸ್ಟ್ ಮಾಡಿದ ನೀರನ್ನು ಗಿರಾಕಿ ತಂದು ತೋರಿಸಲಿ. ಬಿಲ್ಲಿನಲ್ಲಿ ಜಾತಿಯ ಹೆಸರು, ಹ್ಯಾಚರಿಯದೋ ಸಮುದ್ರದ್ದೋ ಆಮದಿನದೋ ಎಂಬುದು, ಅಂಗಡಿಯ ಟ್ಯಾಂಕಿನ ಉಪ್ಪಿನ ಅಳತೆ ಈ ಮೂರು ಇರಲಿ. ಅರಣ್ಯ ಮತ್ತು ಮೀನುಗಾರಿಕೆ ಇಲಾಖೆಗಳು ಸೇರಿ ನಿಷೇಧಿತ ಹವಳಗಳ ಚಿತ್ರವಿರುವ ಕನ್ನಡದ ಫಲಕವೊಂದನ್ನು ದಾವಣಗೆರೆ, ಚಿತ್ರದುರ್ಗದ ಪ್ರತಿ ಅಕ್ವೇರಿಯಂ ಅಂಗಡಿಯಲ್ಲಿ ತೂಗುಹಾಕಿಸಬೇಕು. ಟಾರ್ಚ್, ಹ್ಯಾಮರ್‌ಗಳ ಚಿತ್ರವನ್ನು ಬುಡದ ಎಲುಬು ಕಾಣುವಂತೆ ಅದರಲ್ಲಿ ಮೊದಲೇ ಹಾಕಬೇಕು. ಕೊಳ್ಳುವವರು ರಿಫ್ರ್ಯಾಕ್ಟೋಮೀಟರನ್ನು ಜೇಬಿನಲ್ಲಿ ಇಟ್ಟುಕೊಂಡೇ ಅಂಗಡಿಗೆ ಹೋಗಲಿ, ಮೀನು ಆರಿಸುವ ಮೊದಲು ಅದಿರುವ ಟ್ಯಾಂಕಿನ ಒಂದು ಹನಿ ಅಲ್ಲೇ ಅಳೆದು ನೋಡಲಿ.

– ಉಪ್ಪುನೀರಿನ ಮೀನು ಸಾಕುವ ಕೆಲವು ಓದುಗರು, ದಾವಣಗೆರೆ